ರೈಲ್ವೆಯವರು ನಾದಿಟ್ಟ ಹಿಟ್ಟು

ಮೊನ್ನೆ ಸೊಸೆ ಒಲೆಯ ಮೇಲೆ ಬೆಲ್ಲದ ಪಾಕ ಇಟ್ಟು, ಫೋನು ಹಿಡಿದು ಬಾಲ್ಕನಿಗೆ ಹೋದಳು. ಪಾಕ ಸೀದು ಕರ್ರಗಾಯಿತು. ಪಾಕಕ್ಕೆ ಹಾಕಲೆಂದು ಕುಟ್ಟಿದ್ದ ಶುಂಠಿ, ಲವಂಗ ಪಕ್ಕದಲ್ಲೇ ಇತ್ತು. ಎಲ್ಲ ವಾಸನೆಯೂ ಒಂದಾಗಿ ನಾನು ಮಲಗಿದ್ದ ಕೋಣೆಗೆ ಬಂತು. ಎದ್ದು ಕೂತೆ.

"ಏನತ್ತೆ, ಉಸಿರು ಕಟ್ತಾ?" ಎಂದು ಓಡಿ ಬಂದಳು.

"ಇಲ್ಲ ಕಣೆ. ನರ್ಸಮ್ಮನ ಮನೆ ವಾಸನೆ ಬಂತು."

"ಯಾವ ನರ್ಸಮ್ಮ?"

ಅವಳಿಗೆ ಗೊತ್ತಿಲ್ಲ. ಅವಳು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ನರ್ಸಮ್ಮ ಬೀದಿ ಬಿಟ್ಟು ಹೋಗಿದ್ದರು. ಹೇಳಲು ಹೊರಟೆ. ಅವಳ ಫೋನು ಮತ್ತೆ ಹೊಡೆದುಕೊಂಡಿತು, ಹೋದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಯಶವಂತಪುರ. ಸ್ಟೇಷನ್ನಿಗೂ ಮಾರ್ಕೆಟ್ ಯಾರ್ಡಿಗೂ ನಡುವೆ ಒಂದು ಬೀದಿ. ಆಗ ಮೆಟ್ರೋ ಇರಲಿಲ್ಲ. ನಾನು ಯಾರ್ಡಿನಲ್ಲಿ ಬೆಲ್ಲದ ಮಂಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಚ್ಚು ಬೆಲ್ಲ, ಉಂಡೆ ಬೆಲ್ಲ ಬೇರೆ ಮಾಡುವುದು, ಮೂಟೆ ಹೊಲಿಯುವುದು, ನೆಲ ಗುಡಿಸುವುದು. ಮನೆಗೆ ಬಂದರೂ ಸೀರೆ ಬೆಲ್ಲದ ವಾಸನೆ ಹೊಡೆಯುತ್ತಿತ್ತು, ಇರುವೆ ಹಿಂದೆಯೇ ಬರುತ್ತಿತ್ತು. ನಮ್ಮ ಗೋಡೆಗೆ ಅಂಟಿಕೊಂಡ ಮನೆ ನರ್ಸಮ್ಮನದು. ಅವರು ಕ್ರಿಶ್ಚಿಯನ್ನರು. ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಗಂಡ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿದ್ದರು. ಬೀದಿಯವರು ಆಯಪ್ಪನನ್ನು ರೈಲ್ವೆಯವರು ಎನ್ನುತ್ತಿದ್ದೆವು. ಮಕ್ಕಳಿಲ್ಲ. ಅದರ ಬಗ್ಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನರ್ಸಮ್ಮ ಸಣಕಲು ಹೆಂಗಸು, ಬಾಯಿ ಜೋರು. ಬೀದಿಯ ಮಕ್ಕಳಿಗೆಲ್ಲ ಇಂಜೆಕ್ಷನ್ ಹಾಕಿದ ಕೈ ಅವರದು. "ಅತ್ರೆ ಇನ್ನೊಂದು ಚುಚ್ತೀನಿ ನೋಡು" ಎನ್ನುತ್ತಿದ್ದರು. ಮಕ್ಕಳು ಅವರನ್ನು ಕಂಡರೆ ಚರಂಡಿ ಹಾರಿ ಓಡುತ್ತಿದ್ದವು. ಡಿಸೆಂಬರ್ ಬಂದರೆ ಅದೇ ಮಕ್ಕಳು ಕ್ರಿಸ್ಮಸ್ ಬಿಸ್ಕತ್ತಿಗಾಗಿ ಅವರ ಬಾಗಿಲ ಮುಂದೆ ಸುತ್ತುತ್ತಿದ್ದವು.

ನಮಗೆ ಗುರುತಾಗಿದ್ದೇ ಆ ಬಿಸ್ಕತ್ತಿನಿಂದ. ಅವರು ಬೀದಿಗೆ ಬಂದ ವರ್ಷ, ಗೋಡೆಯ ಮೇಲಿಂದ ತಲೆ ಹಾಕಿದರು.

"ಬೆಲ್ಲದಮ್ಮ, ನಿಮ್ಮ ಮಂಡೀಲಿ ಕಾಕಂಬಿ ಸಿಗುತ್ತಾ?"

"ಕಾಕಂಬಿ ಯಾಕ್ರೀ ನಿಮ್ಗೆ? ಹಸು ಕಟ್ಟಿದೀರಾ, ಇಲ್ಲಾ ಸಾರಾಯಿ ಕಾಯಿಸ್ತೀರಾ?"

"ಬಿಸ್ಕತ್ತಿಗೆ."

"ಮನುಷ್ಯರು ತಿನ್ನೋದಾ?"

ಒಳಗಿನಿಂದ ರೈಲ್ವೆಯವರು ನಕ್ಕಿದ್ದು ಬೀದಿಗೆ ಕೇಳಿಸಿತು. ಅಂದಿನಿಂದ ನಾನು ಬೆಲ್ಲದಮ್ಮ. ಸಕ್ಕರೆ ಕಾರ್ಖಾನೆಯಲ್ಲಿ ಕೊನೆಗೆ ಉಳಿಯುವ ಕರಿ ಗಸಿ ಕಾಕಂಬಿ. ಅದನ್ನು ಮನೆಗೆ ಯಾರು ತರುತ್ತಾರೆ? ನಾನು ಜೋನಿ ಬೆಲ್ಲ ತಂದುಕೊಟ್ಟೆ. ಗಟ್ಟಿಯಾಗದೆ ನೀರಾಗಿಯೇ ಉಳಿದ ಬೆಲ್ಲ. ಅದರಲ್ಲೂ ಯಾರೂ ಕೊಳ್ಳದಷ್ಟು ಕಪ್ಪಗಿದ್ದುದನ್ನೇ ಆರಿಸಿದೆ. ನರ್ಸಮ್ಮ ಬೆರಳಲ್ಲಿ ನೆಕ್ಕಿ ನೋಡಿ, "ಇದೇ ಸಾಕು" ಎಂದರು. ಆಮೇಲೆ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಾನೇ ತರುತ್ತಿದ್ದೆ.

ಆ ಬಿಸ್ಕತ್ತು ರೈಲ್ವೆಯವರ ತಾಯಿಯಿಂದ ಬಂದದ್ದಂತೆ. ಆಕೆ ಕೆಜಿಎಫ್‌ನಲ್ಲಿ ಯಾವುದೋ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಗೆ ಇದ್ದರಂತೆ. ಹಬ್ಬಕ್ಕೆ ತಿಂಗಳಿರುವಾಗಲೇ ಹಿಟ್ಟು ಕಲಸಿಡಬೇಕು. ನರ್ಸಮ್ಮ ಬೆಲ್ಲ ಕಾಯಿಸಿ ತುಪ್ಪ ಹಾಕುವರು. ಒಣಶುಂಠಿ, ಲವಂಗ, ಚಕ್ಕೆ, ಒಂದಿಷ್ಟು ಮೆಣಸು ಕುಟ್ಟಿ ಹಾಕುವರು. ಆಮೇಲೆ ಮೈದಾ. ನಾದುವುದು ಮಾತ್ರ ಗಂಡ. ಹೆಂಗಸರ ಕೈಗೆ ಬಗ್ಗುವ ಹಿಟ್ಟಲ್ಲ ಅದು. ಆಯಪ್ಪ ಬನಿಯನ್ನಿನಲ್ಲಿ ನೆಲಕ್ಕೆ ಕೂತು, ಪರಾತಕ್ಕೆ ಮೊಣಕಾಲು ಒತ್ತಿಕೊಂಡು ನಾದುವರು. "ಇದು ಹಿಟ್ಟಲ್ಲ ಬೆಲ್ಲದಮ್ಮ, ರೋಡಿಗೆ ಹಾಕೋ ಟಾರು" ಎನ್ನುವರು. ನಾದಿ ಮುಗಿದ ಮೇಲೆ ಉಪ್ಪಿನಕಾಯಿ ಹಾಕುವಂಥ ಪಿಂಗಾಣಿ ಜಾಡಿಗೆ ತುಂಬಿ, ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಗೆ ಇಡುವರು. ಹಬ್ಬದ ವಾರದಲ್ಲಿ ತೆಗೆದು, ಸೋಡಾ ಹಾಕಿ ಇನ್ನೊಮ್ಮೆ ನಾದಿ, ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ಕತ್ತರಿಸುವರು. ಸುಡುವುದು ಮನೆಯಲ್ಲಲ್ಲ. ಮೂಲೆಯ ಬೇಕರಿಯಲ್ಲಿ ಸೌದೆ ಒಲೆ ಇತ್ತು. ಬ್ರೆಡ್ಡು ತೆಗೆದಾದ ಮೇಲೆ ಮಧ್ಯಾಹ್ನ ಬೇಕರಿ ಸಾಹೇಬರು ಸುತ್ತಿನ ಕ್ರಿಶ್ಚಿಯನ್ ಮನೆಗಳ ಟ್ರೇಗಳನ್ನು ಒಳಗೆ ತಳ್ಳಲು ಬಿಡುತ್ತಿದ್ದರು.

ಆಮೇಲೆ ಬೀದಿಯ ಎಲ್ಲ ಮನೆಗೂ ಒಂದೊಂದು ತಟ್ಟೆ. ಮೊಟ್ಟೆ ಹಾಕುವುದಿಲ್ಲ ಎಂದು ಮೊದಲ ವರ್ಷವೇ ಬಾಗಿಲು ಬಾಗಿಲಿಗೆ ಹೋಗಿ ಹೇಳಿದ್ದರು, ಅದಕ್ಕೆ ಎಲ್ಲರೂ ತಿನ್ನುತ್ತಿದ್ದರು. ಕಚ್ಚಿದರೆ ಮೊದಲು ಗಟ್ಟಿ, ಆಮೇಲೆ ಸಿಹಿ, ಆಮೇಲೆ ಗಂಟಲಲ್ಲಿ ಖಾರ. ನನಗೆ ಅಂಥ ಇಷ್ಟವೇನೂ ಇರಲಿಲ್ಲ. ಟೀಯಲ್ಲಿ ಅದ್ದಿದರೆ ಪರವಾಗಿಲ್ಲ. ತಟ್ಟೆ ಹಿಂದಿರುಗಿಸುವಾಗ ಖಾಲಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಒಬ್ಬರು ಸಕ್ಕರೆ ಹಾಕುವರು, ಒಬ್ಬರು ಅಕ್ಕಿ, ಉಳಿದವರೆಲ್ಲ ಬಾಳೆಹಣ್ಣು. ಹಬ್ಬದ ಮಾರನೆ ದಿನ ಆ ಮನೆಯ ತುಂಬ ಬಾಳೆಹಣ್ಣು. "ನಿಮ್ಮ ಬೀದಿಯವರಿಗೆ ಬೇರೆ ಏನೂ ಗೊತ್ತಿಲ್ವಾ?" ಎಂದು ನರ್ಸಮ್ಮ ಬೈಯುವರು. ರೈಲ್ವೆಯವರು ಚೀಲಕ್ಕೆ ತುಂಬಿಕೊಂಡು ಹೋಗಿ ಪ್ಲಾಟ್‌ಫಾರಂನ ಹಮಾಲರಿಗೆ ಹಂಚುವರು.

ಹೀಗೆ ಎಷ್ಟೋ ವರ್ಷ ನಡೆಯಿತು...

ಆಯಪ್ಪ ಸತ್ತದ್ದು ಒಂದು ನವೆಂಬರಿನಲ್ಲಿ. ಹಿಟ್ಟು ನಾದಿಟ್ಟು ಇನ್ನೂ ವಾರ ಕಳೆದಿರಲಿಲ್ಲ. ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನರ್ಸಮ್ಮ ಡ್ಯೂಟಿಯಲ್ಲಿದ್ದರು. ಅವರದೇ ಆಸ್ಪತ್ರೆಗೆ ತಂದರಂತೆ, ತರುವಾಗಲೇ ಮುಗಿದಿತ್ತು. ಬೀದಿಯವರೆಲ್ಲ ಸಮಾಧಿಗೆ ಹೋದೆವು. ಮಣ್ಣು ಹಾಕಿದೆವು. ಬಂದು ತಲೆಗೆ ನೀರು ಹಾಕಿಕೊಂಡೆವು. ಅವರ ಮನೆಯಲ್ಲಿ ಪ್ರಾರ್ಥನೆ ಮಾಡಿದರು, ಟೀ ಕೊಟ್ಟರು, ಅಷ್ಟೆ. ನಮ್ಮಲ್ಲಿ ಹನ್ನೊಂದನೇ ದಿನ ಸತ್ತವರಿಗೆ ಇಷ್ಟವಾದದ್ದೆಲ್ಲ ಬೇಯಿಸಿ, ಎಡೆ ಇಟ್ಟು, ಬೀದಿಗೆಲ್ಲ ಊಟ ಹಾಕುತ್ತೇವೆ. ಅವರಲ್ಲಿ ಅದಿಲ್ಲ. ನನಗೆ ಏನೋ ಬಾಕಿ ಉಳಿದಂತೆ ಅನ್ನಿಸಿತ್ತು. ಯಾರ ಮುಂದೆಯೂ ಹೇಳಲಿಲ್ಲ.

ರೈಲ್ವೆಯವರ ತಂಗಿ ಕೆಜಿಎಫ್‌ನಿಂದ ಬಂದು ಉಳಿದುಕೊಂಡಳು. ಒಳ್ಳೆಯ ಹೆಂಗಸೇ. ಅತ್ತಿಗೆಯನ್ನು ಅವರ ತಮಿಳಿನಲ್ಲಿ ಅಣ್ಣಿ ಎಂದು ಕರೆಯುತ್ತಿದ್ದಳು. ಡಿಸೆಂಬರ್ ಬಂದಾಗ ನಕ್ಷತ್ರ ಕಟ್ಟಬಾರದು, ಹೊಸ ಬಟ್ಟೆ ಇಲ್ಲ, ಕೇಕಿಲ್ಲ, ಏನೂ ಇಲ್ಲ ಎಂದಳು. ಸತ್ತ ವರ್ಷ ಅವರಲ್ಲೂ ಹಬ್ಬವಿಲ್ಲ. ನಮ್ಮಲ್ಲಿದ್ದ ಹಾಗೇ. ಅಡುಗೆಮನೆ ಚೊಕ್ಕ ಮಾಡುತ್ತಾ ಮೂಲೆಯಲ್ಲಿದ್ದ ಜಾಡಿಯನ್ನು ಎತ್ತಿದಳಂತೆ, ಹಿಟ್ಟನ್ನು ಹಿತ್ತಲ ಗುಂಡಿಗೆ ಹಾಕಲು.

ನರ್ಸಮ್ಮ ಜಾಡಿಯನ್ನು ಕಿತ್ತುಕೊಂಡು ನಮ್ಮ ಮನೆಗೆ ಬಂದರು. ಗೋಡೆ ಮೇಲಿಂದ ಕರೆಯಲಿಲ್ಲ, ಬಾಗಿಲಿಗೇ ಬಂದರು. ಗಂಡ ಸತ್ತ ಮೇಲೆ ಮೊದಲ ಸಲ ಹೊಸಲು ದಾಟಿ ಬಂದದ್ದು.

"ಬೆಲ್ಲದಮ್ಮ, ಇದನ್ನ ನಿನ್ ಹತ್ರ ಇಟ್ಕೋ."

"ಇಟ್ಕೊಂಡು?"

"ಸುಡಬೇಕು. ಬೀದೀಗೆ ಕೊಡಬೇಕು. ಅವರು ಬೀದೀಗೆ ಅಂತ ನಾದಿಟ್ಟಿದ್ದು. ಗುಂಡಿಗೆ ಹಾಕೋಕ್ಕೆ ಅಲ್ಲ."

ಬಟ್ಟೆ ಬಿಚ್ಚಿದರು. ನಾನು ಬಗ್ಗಿ ನೋಡಿದೆ. ಹಿಟ್ಟು ಕಪ್ಪಗೆ ಹೊಳೆಯುತ್ತಾ ಕೂತಿತ್ತು. ಮೇಲೆ ನಾಲ್ಕು ಬೆರಳಿನ ಗುರುತು. ಆಯಪ್ಪ ಕೊನೆಗೆ ಒತ್ತಿದ್ದು. ಬೆರಳಿನ ಗೆರೆ ಕೂಡ ಕಾಣುವಂತೆ ಅಚ್ಚಾಗಿತ್ತು... ನರ್ಸಮ್ಮ ಮುಂಚೆ ಅದನ್ನು ನೋಡಿರಲಿಲ್ಲ ಅನ್ನಿಸುತ್ತದೆ. ಮತ್ತೆ ಬಟ್ಟೆ ಮುಚ್ಚಿ, "ಇವತ್ತು ಬೇಡ" ಎಂದು ಎದ್ದುಹೋದರು.

ಮಾರನೆ ದಿನ ಬಂದು ಬಟ್ಟೆ ಎತ್ತಿ ನೋಡಿದರು. ಹೋದರು. ಅದರ ಮಾರನೆ ದಿನವೂ ಅಷ್ಟೆ. ಸುಡಬೇಕು ಎನ್ನುವವರೂ ಅವರೇ, ಕೈ ಹಾಕಲು ಬಿಡದವರೂ ಅವರೇ. ನಾದಿದರೆ ಗುರುತು ಹೋಗುತ್ತದೆ. ನಾದದಿದ್ದರೆ ಹಿಟ್ಟು ಹೋಗುತ್ತದೆ. ಕ್ರಿಸ್ಮಸ್ಸಿಗೆ ವಾರವೂ ಇರಲಿಲ್ಲ. ಜಾಡಿಯ ಸುತ್ತ ಇರುವೆ ಸಾಲು ಹತ್ತಿತ್ತು. ನನಗೆ ಸಾಕಾಯಿತು.

"ನರ್ಸಮ್ಮ, ಇದನ್ನ ನೋಡ್ಕೊಂಡು ಎಷ್ಟು ದಿನ ಕೂತ್ಕೋತೀರಾ? ಬೂಸ್ಟು ಬಂದ್ರೆ ಬೆರಳೂ ಇರಲ್ಲ, ಬಿಸ್ಕತ್ತೂ ಇರಲ್ಲ."

"ನಿನಗೇನು ಗೊತ್ತು?"

"ನನ್ ಗಂಡನೂ ಸತ್ತಿದಾನೆ. ಅವನ ಚಪ್ಪಲಿ ಇಟ್ಕೊಂಡಿದ್ದೆ. ಇಲಿ ತಿಂತು."

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಜಾಡಿಯೊಳಗೆ ಕೈಬಿಟ್ಟು ಆ ಗುಣಿಗಳಲ್ಲಿ ತಮ್ಮ ಬೆರಳನ್ನು ಇಟ್ಟರು. ಬೆರಳು ಸಣ್ಣದು, ಸುತ್ತ ಜಾಗ ಉಳಿಯಿತು. ನಾನು ಸೋಡಾ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಬರುವಷ್ಟರಲ್ಲಿ ಹಿಟ್ಟನ್ನು ಪರಾತಕ್ಕೆ ಕಿತ್ತು ಹಾಕಿದ್ದರು.

"ನಾದು" ಎಂದರು.

ಬೆಲ್ಲದ ಮೂಟೆ ಎತ್ತಿದ ಕೈ ನನ್ನದು, ಆದರೂ ಅದು ಬಗ್ಗಲಿಲ್ಲ. ಕಲ್ಲಿನಂತೆ ಕೂತಿತ್ತು. ಬಿಸಿನೀರಿನಲ್ಲಿ ಸೋಡಾ ಕದಡಿ ಹಾಕಿ, ಮೊಣಕಾಲು ಒತ್ತಿ ನಾದಿದೆ. ಬೆವರಿತು, ತೋಳು ನಡುಗಿತು. ನರ್ಸಮ್ಮ ಎದುರಿಗೆ ಕೂತು ಪರಾತ ಹಿಡಿದುಕೊಂಡಿದ್ದರು. ಮಧ್ಯೆ ಒಂದು ಸಲ, "ಅವರು ಇಷ್ಟು ಹೊತ್ತು ತಗೋತಿರ್ಲಿಲ್ಲ" ಎಂದರು. "ಹಂಗಾದ್ರೆ ಅವರನ್ನೇ ಕರೀರಿ" ಎಂದುಬಿಟ್ಟೆ. ಬಾಯಿ ತಪ್ಪಿ ಬಂತು. ಅವರು ಒಂಥರಾ ನಕ್ಕರು. ನಗುವೋ ಏನೋ...

ಬೇಕರಿಗೆ ಟ್ರೇ ಹೊತ್ತುಕೊಂಡು ಹೋದೆವು. ಸಾಹೇಬರು ನಮ್ಮನ್ನು ನೋಡಿ ಎದ್ದು ನಿಂತರು. "ಈ ಸಲ ನಿಮ್ಮ ಟ್ರೇ ಬರಲ್ಲ ಅಂದ್ಕೊಂಡಿದ್ದೆ ಅಮ್ಮಾ" ಎಂದು ಬೇರೆಯವರ ಟ್ರೇ ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಹಿಟ್ಟೇ ಕಪ್ಪು, ಬೆಂದದ್ದು ಕಣ್ಣಿಗೆ ತಿಳಿಯುವುದಿಲ್ಲ. ಪ್ರತಿ ವರ್ಷ ರೈಲ್ವೆಯವರು ಒಲೆಯ ಬಾಯಲ್ಲಿ ನಿಂತು, ವಾಸನೆ ನೋಡಿ, "ತೆಗೀರಿ" ಎನ್ನುತ್ತಿದ್ದರಂತೆ. ಈ ಸಲ ನಾವು ಮೂವರೂ ನಿಂತಿದ್ದೆವು, ಯಾರೂ ಹೇಳಲಿಲ್ಲ. ತಳ ಸೀದಿತ್ತು. ಪೂರ್ತಿ ಅಲ್ಲ, ಅಂಚಿಗೆ. "ಇರಲಿ, ಕೊಡಿ" ಎಂದು ನರ್ಸಮ್ಮ ಬಿಸಿ ಟ್ರೇಯನ್ನು ಸೆರಗಿನಲ್ಲೇ ಹಿಡಿದುಕೊಂಡರು.

ತಟ್ಟೆ ಹಂಚಲು ನಾನೇ ಹೊರಟೆ. ಗಂಡ ಸತ್ತು ತಿಂಗಳಾಗದ ಹೆಂಗಸು ಬಾಗಿಲಿಗೆ ಬಂದರೆ ನಮ್ಮ ಬೀದಿಯವರು ಏನೆಂದುಕೊಳ್ಳುತ್ತಾರೋ ನನಗೆ ಗೊತ್ತು. ಮೊದಲು ಎದುರು ಮನೆ. ಯಶವಂತಪುರ ಹಳ್ಳಿಯಾಗಿದ್ದಾಗಿನಿಂದ ಇದ್ದ ಗೌಡರ ಮನೆ. ಗೌಡಮ್ಮ ತಟ್ಟೆ ನೋಡಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ತಪ್ಪು ತಿಳ್ಕೋಬ್ಯಾಡ ಕಣಮ್ಮ. ಸಾವಾದ ಮನೆ ಸಿಹೀನ ವರ್ಸ ತುಂಬೋಗಂಟ ಮುಟ್ಟಾಕಿಲ್ಲ. ಆಯಮ್ಮ ಇಂಗ್ ಮಾಡಬಾರ್ದಾಗಿತ್ತು. ಅವ್ರ್ ಆತ್ಮಕ್ಕೂ ಒಳ್ಳೇದಲ್ಲ."

ಪಾಪ, ಅವರು ಸೊಕ್ಕಿನಿಂದ ಹೇಳಿದ್ದಲ್ಲ. ಹೇಳುವಾಗ ಕಣ್ಣಲ್ಲಿ ನೀರಿತ್ತು. ಪಕ್ಕದ ಮನೆಯಲ್ಲೂ ಅದೇ. ಅದರ ಪಕ್ಕದಲ್ಲೂ ಅದೇ. ಒಬ್ಬರೂ ಗದರಲಿಲ್ಲ, ಒಬ್ಬರೂ ತೆಗೆದುಕೊಳ್ಳಲಿಲ್ಲ. ಸತ್ತವರ ಮೇಲಿನ ಗೌರವಕ್ಕೇ ಬೇಡ ಎಂದರು. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ತಟ್ಟೆ ಹಿಡಿದು ಬೀದಿಯ ನಡುವೆ ನಿಂತೆ. ಹಿಂದಿರುಗಿ ನೋಡಿದರೆ ನರ್ಸಮ್ಮ ಕಿಟಕಿಯಲ್ಲಿ ನಿಂತಿದ್ದರು. ಎಲ್ಲ ನೋಡಿದ್ದರು.

ತುಂಬಿದ ತಟ್ಟೆಯನ್ನೇ ವಾಪಸು ತಂದು ಅವರ ಮೇಜಿನ ಮೇಲೆ ಇಟ್ಟೆ. ನಾದಿನಿ, "ನಾನು ಹೇಳಿದ್ದೆ ಅಲ್ವಾ ಅಣ್ಣಿ" ಎಂದಳು. ನರ್ಸಮ್ಮ ಕೂತುಬಿಟ್ಟರು. ಮೇಜಿನ ತುಂಬ ಬಿಸ್ಕತ್ತು. ಅವರ ಗಂಡನ ಕೈಯ ಕೊನೆ ಕೆಲಸ ಅದು, ತಿನ್ನುವವರಿಲ್ಲ.

ಗೋಡೆಯ ಮೇಲೆ ರೈಲ್ವೆಯವರ ಫೋಟೋ ಇತ್ತು. ಅದರ ಕೆಳಗೆ ಒಂದು ಸಣ್ಣ ಹಲಗೆ, ಮೇಣದಬತ್ತಿ. ಆಗ ನನಗೆ ಹೊಳೆಯಿತು.

"ನರ್ಸಮ್ಮ, ಒಂದು ಬಿಸ್ಕತ್ತು ತಗೊಂಡು ಅಲ್ಲಿ ಇಡಿ."

"ಯಾಕೆ?"

"ಎಡೆ. ಅವರಿಗೆ ಇಟ್ಟು ಆಮೇಲೆ ಬೀದೀಗೆ ಕೊಡೋಣ."

"ನಮ್ಮಲ್ಲಿ ಹಾಗೆಲ್ಲ ಇಲ್ಲ."

"ನಿಮ್ಮಲ್ಲಿ ಇಲ್ದಿದ್ರೆ ಬೇಡ. ನಮ್ಮಲ್ಲಿದೆ. ತಿನ್ನೋರು ನಾವಲ್ವಾ?"

"ಫಾದರ್‌ಗೆ ಗೊತ್ತಾದ್ರೆ?" ಎಂದಳು ನಾದಿನಿ.

"ಅವರಿಗೂ ಒಂದು ಕೊಡು" ಎಂದೆ.

ನರ್ಸಮ್ಮ ಫೋಟೋ ಕಡೆ ನೋಡಿದರು. ಆಮೇಲೆ ಎದ್ದು, ಎಲ್ಲಕ್ಕಿಂತ ಕಡಿಮೆ ಸೀದಿದ್ದ ಒಂದನ್ನು ಆರಿಸಿ ಹಲಗೆಯ ಮೇಲೆ ಇಟ್ಟರು. ಶಿಲುಬೆ ಗುರುತು ಹಾಕಿಕೊಂಡರು. ನಾನು ಕೈ ಮುಗಿದೆ. ನಾದಿನಿ ಅಡುಗೆಮನೆಗೆ ಹೋದಳು. ಅಳುತ್ತಿದ್ದಳೋ ಸಿಟ್ಟೋ, ನಾನು ನೋಡಲಿಲ್ಲ.

ಮತ್ತೆ ಗೌಡಮ್ಮನ ಬಾಗಿಲಿಗೆ ಹೋದೆ. "ಹಬ್ಬದ್ದಲ್ಲ ಗೌಡಮ್ಮ. ರೈಲ್ವೆಯವರಿಗೆ ಎಡೆ ಇಟ್ಟಿದ್ದು. ಅವರ ಹೆಸರಲ್ಲಿ ಬೀದಿ ಇನ್ನೂ ಉಂಡಿಲ್ಲ" ಎಂದೆ. ನಾನು ಸುಳ್ಳು ಹೇಳಲಿಲ್ಲ. ತಿಥಿ ಊಟ ಬೇಡ ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಬೇಡ ಎಂದರೆ ಸತ್ತವರ ಕೈ ತಳ್ಳಿದಂತೆ. ಗೌಡಮ್ಮ ತಲೆಯ ಮೇಲೆ ಸೆರಗು ಹೊದ್ದು ಎರಡೂ ಕೈ ಒಡ್ಡಿದರು. ನಿಂತಲ್ಲೇ ಮುರಿದು ಬಾಯಿಗೆ ಹಾಕಿಕೊಂಡರು. ಮನೆಯೊಳಗಿದ್ದವರನ್ನೆಲ್ಲ ಕರೆದು ಕೊಟ್ಟರು. ಮನೆ ಮನೆಯಲ್ಲೂ ಹಾಗೇ. ಮಕ್ಕಳು ಕೂಡ ಗಲಾಟೆ ಮಾಡದೆ ತಿಂದವು. ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ, ತಿಥಿ ಊಟಕ್ಕೆ ಹಾಗೆ ಹೇಳುವುದಿಲ್ಲ. ಸೀದಿದೆ ಎಂದೂ ಹೇಳಲಿಲ್ಲ.

ಸಂಜೆ ತಟ್ಟೆಗಳು ಬಂದವು. ತೊಳೆದು ಒರೆಸಿದ್ದವು. ಖಾಲಿ. ನರ್ಸಮ್ಮ ಒಂದೊಂದನ್ನೂ ತಿರುಗಿಸಿ ನೋಡಿದರು.

"ಬಾಳೆಹಣ್ಣು ಇಲ್ವಾ ಈ ಸಲ?"

"ತಿಥಿ ತಟ್ಟೆಗೆ ಏನೂ ಹಾಕಲ್ಲ ನರ್ಸಮ್ಮ."

"ಹೌದಾ."

ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದರು. ಆಮೇಲೆ, ಹಮಾಲರಿಗೆ ಕೊಡಲು ಈ ಸಲ ಏನೂ ಇಲ್ಲ ಎಂದರು. ಕೊಂಡೊಯ್ಯುವವರೂ ಇಲ್ಲ ಎಂದು ನಾನು ಹೇಳಲಿಲ್ಲ. ಅವರಿಗೇ ಗೊತ್ತಾಯಿತು. ಆಸ್ಪತ್ರೆಯಲ್ಲಿ ಹೆಣ ನೋಡಿದ್ದರು, ಪೆಟ್ಟಿಗೆಯ ಮೇಲೆ ಮಣ್ಣು ಹಾಕಿದ್ದರು. ಆದರೆ ಗಂಡ ಸತ್ತದ್ದು ಅವರಿಗೆ ಮನೆಯೊಳಗೆ ಬಂದು ತಾಗಿದ್ದು ಆ ಸಂಜೆ. ನಾನು ಪಕ್ಕದಲ್ಲಿ ಕೂತಿದ್ದೆ. ಬೇರೇನು ಮಾಡಲಿ? ಕತ್ತಲಾಗುವ ತನಕ ಕೂತಿದ್ದು ಎದ್ದು ಬಂದೆ.

ಆಮೇಲೆ ಅವರು ಹಿಟ್ಟು ಕಲಸಲಿಲ್ಲ. ಮಾರನೆ ವರ್ಷ ನಾನು ಜೋನಿ ಬೆಲ್ಲ ತಂದೆ. "ಬೇಡ ಬೆಲ್ಲದಮ್ಮ, ಅದು ಮುಗೀತು" ಎಂದರು. ನಾನು ಬಲವಂತ ಮಾಡಲಿಲ್ಲ. ಬೆಲ್ಲವನ್ನು ದೋಸೆಗೆ ಹಚ್ಚಿಕೊಂಡು ತಿಂದೆವು. ರಿಟೈರ್ ಆದ ಮೇಲೆ ಮನೆ ಮಾರಿ ನಾದಿನಿಯ ಹತ್ತಿರ ಕೆಜಿಎಫ್‌ಗೆ ಹೋದರು. ಹೋಗುವ ದಿನ ಬೀದಿಯ ಹುಡುಗರೆಲ್ಲ, ಆಗ ಮೀಸೆ ಬಂದ ಗಂಡಸರು, ಸಾಮಾನು ಲಾರಿಗೆ ಏರಿಸಿದರು. "ಬರ್ತೀನಿ ಕಣೆ" ಎಂದರು ನನಗೆ. ಬರಲಿಲ್ಲ. ಮೊದಮೊದಲು ಫೋನು ಬರುತ್ತಿತ್ತು. ಆಮೇಲೆ ಅವರಿಗೆ ಕಿವಿ ಕೇಳಿಸದಾಯಿತು, ನನಗೆ ಕಣ್ಣು ಮಂಜಾಯಿತು...

ಹೋದ ವರ್ಷ ನಾದಿನಿ ಫೋನು ಮಾಡಿದಳು. ನರ್ಸಮ್ಮ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು. ಮಳೆಗಾಲದಲ್ಲಿ ಜ್ವರ ಬಂತಂತೆ. ಅಲ್ಲೇ ಮಣ್ಣು ಮಾಡಿದರಂತೆ. ಗಂಡ ಇಲ್ಲಿ, ಅವರು ಅಲ್ಲಿ. "ನಿಮ್ಮ ನಂಬರ್ ಹುಡುಕೋದು ಲೇಟಾಯ್ತು" ಎಂದಳು. ಅವಳಿಗೂ ವಯಸ್ಸಾಗಿದೆ, ಅವಳದೇನೂ ತಪ್ಪಿಲ್ಲ. ಊಟಕ್ಕೆ ಏನಾದರೂ ಮಾಡಿದ್ರಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವರಲ್ಲಿ ಅದಿಲ್ಲ ಎಂದು ಗೊತ್ತಿತ್ತು.

ಗೌಡಮ್ಮ ಇಲ್ಲ. ಬೇಕರಿ ಸಾಹೇಬರೂ ಇಲ್ಲ. ನರ್ಸಮ್ಮನ ಮನೆ ಕೆಡವಿ ಹುಡುಗರ ಪಿಜಿ ಕಟ್ಟಿದ್ದಾರೆ. ಆ ಹುಡುಗರಿಗೆ ನಾನು ಯಾರೋ ಗೊತ್ತಿಲ್ಲ, ನನಗೂ ಅವರು ಗೊತ್ತಿಲ್ಲ. ಆ ದಿನ ಬೀದಿಯಲ್ಲಿ ನಿಂತು ತಿಂದವರಲ್ಲಿ ದೊಡ್ಡವಳು ಅಂತ ಉಳಿದಿರುವುದು ನಾನೊಬ್ಬಳು.

ಹೋದ ವರ್ಷ ನಾದಿನಿಯ ಫೋನು ಇಟ್ಟ ಮೇಲೆ ಒಂದು ವಾರ ಬಾಗಿಲ ಕಡೆ ನೋಡುತ್ತಾ ಕೂತಿದ್ದೆ. ಯಾಕೆ ಎಂದು ಸೊಸೆ ಕೇಳಿದಳು, ಸುಮ್ಮನೆ ಎಂದೆ. ಅವರ ಹೆಸರಿನಲ್ಲಿ ತಿನ್ನಲು ನಾನಿದ್ದೆ. ಯಾವ ತಟ್ಟೆಯೂ ಬರಲಿಲ್ಲ.